ಮಳೆ ತಪ್ಪಿತೋ, ಕೈ ತಪ್ಪಿತೋ?

ಸಂಕ್ರಾಂತಿ ಮುಗಿಸಿಕೊಂಡು ನಾಗಮಂಗಲ ತಾಲ್ಲೂಕಿನ ನಮ್ಮ ಊರಿನಿಂದ ಬೆಂಗಳೂರಿಗೆ ಮರಳಿ ನಾಲ್ಕು ದಿನಗಳಾದವು. ಕಚೇರಿಯ ಜೊತೆಗಾರರು ಈ ವರ್ಷದ ಗುರಿಗಳೇನೆಂದು ಕೇಳುತ್ತಿದ್ದಾರೆ. 2026ರಲ್ಲಿ ಓದಬೇಕಾದ ಪುಸ್ತಕಗಳು, ಇಳಿಸಬೇಕಾದ ತೂಕ, ಉಳಿಸಬೇಕಾದ ಹಣ ಎಲ್ಲವನ್ನೂ ಅವರು ಡಿಸೆಂಬರ್ 31ರ ರಾತ್ರಿಯೇ ಬರೆದಿಟ್ಟುಕೊಂಡಿದ್ದಾರೆ. ನಾನು ಇನ್ನೂ ಏನನ್ನೂ ನಿಶ್ಚಯಿಸಿಲ್ಲ. ಯುಗಾದಿಯ ಮರುದಿನ, ಮಾರ್ಚ್ 20ರ ಸಂಜೆಯವರೆಗೆ ನಿಶ್ಚಯಿಸುವುದೂ ಇಲ್ಲ. ಅದು ನಮ್ಮ ಮನೆಯ ಪದ್ಧತಿ. ಹನ್ನೆರಡು ವರ್ಷ ಆ ಪದ್ಧತಿಯನ್ನು ಬಿಟ್ಟಿದ್ದು, ಈಗ ಮತ್ತೆ ಅದಕ್ಕೆ ಮರಳಿರುವ ನನಗೆ ಅದರ ಬಗ್ಗೆ ವಿವರವಾಗಿ ಬರೆಯಬೇಕೆನ್ನಿಸಿದೆ.

ನಮ್ಮದು ಮಳೆಯನ್ನೇ ನಂಬಿದ ರಾಗಿಯ ಹೊಲ. ಅಲ್ಲಿ ಜನವರಿ ಎಂದರೆ ಸುಗ್ಗಿ. ಕೊಯ್ದ ರಾಗಿ ಮೆದೆಯಿಂದ ಕಣಕ್ಕೆ ಬರುತ್ತದೆ, ತೆನೆ ಬಡಿದು ತೂರಿ ರಾಶಿ ಮಾಡುತ್ತಾರೆ, ರಾಶಿಗೆ ಪೂಜೆಯಾಗುತ್ತದೆ. ನಾನು ಹುಡುಗನಾಗಿದ್ದಾಗ ರಾಶಿ ಅಳೆಯುವ ಹೊತ್ತಿಗೆ ಮಾತನಾಡುವಂತಿರಲಿಲ್ಲ. ಮನೆಗೆಷ್ಟು, ಬಿತ್ತನೆಗೆಷ್ಟು, ಊರಿನ ಕಮ್ಮಾರನಿಗೂ ಮಡಿವಾಳರಿಗೂ ಕೊಡಬೇಕಾದ ಹಡದೆ ಎಷ್ಟು ಎಂಬುದೆಲ್ಲ ಆ ಕಣದಲ್ಲೇ ತೀರ್ಮಾನವಾಗುತ್ತಿತ್ತು. ಉಳಿದದ್ದು ನೆಲದೊಳಗಿನ ಹಗೇವಿಗೆ ಇಳಿಯುತ್ತಿತ್ತು. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವಷ್ಟರಲ್ಲಿ ಮನೆಯ ಪ್ರತಿಯೊಬ್ಬರಿಗೂ ಆ ವರ್ಷ ಎಷ್ಟು ದಕ್ಕಿತು ಎಂಬುದು ಗೊತ್ತಾಗಿರುತ್ತಿತ್ತು. ಆದರೆ ಮುಂದಿನ ವರ್ಷ ಏನು ಮಾಡಬೇಕೆಂಬ ಮಾತನ್ನು ಅಂದು ಯಾರೂ ಎತ್ತುತ್ತಿರಲಿಲ್ಲ. ಸುಗ್ಗಿ ಲೆಕ್ಕದ ಕಾಲ. ಆರಂಭ ಹೂಡುವ ಕಾಲ ಯುಗಾದಿ. ಎರಡರ ನಡುವೆ ಎರಡರಿಂದ ಮೂರು ತಿಂಗಳ ಬಿಡುವು. ಜಾತ್ರೆಗಳು, ಮದುವೆಗಳು, ಶಿವರಾತ್ರಿ, ಎಲೆಯುದುರಿದ ಮರಗಳಲ್ಲಿ ಮತ್ತೆ ಚಿಗುರು ಕಾಣಿಸಿಕೊಳ್ಳುವ ದಿನಗಳು.

ಆ ಬಿಡುವಿನ ಬೆಲೆ ನನಗೆ ಬಹಳ ತಡವಾಗಿ ತಿಳಿಯಿತು. ಡಿಸೆಂಬರ್ 31ರಂದು ನಾವು ಲೆಕ್ಕವನ್ನೂ ಸಂಕಲ್ಪವನ್ನೂ ಒಂದೇ ರಾತ್ರಿಯಲ್ಲಿ ಮುಗಿಸುತ್ತೇವೆ. ಕಳೆದ ವರ್ಷ ಆಗದೆ ಹೋದದ್ದರ ಸಂಕಟ ಆರುವ ಮೊದಲೇ, ಆ ಸಂಕಟದಲ್ಲಿಯೇ, ಹೊಸ ವರ್ಷದ ಗುರಿಗಳನ್ನು ಬರೆದುಬಿಡುತ್ತೇವೆ. ಅವು ನಿಜವಾಗಿ ಗುರಿಗಳಲ್ಲ, ಹಳೆಯ ಸಾಲಕ್ಕೆ ಬರೆದುಕೊಟ್ಟ ಹೊಸ ಪತ್ರಗಳು. ಶಿವರಾತ್ರಿಯ ಹೊತ್ತಿಗೆ ನನ್ನ ಪಟ್ಟಿಗಳು ಪ್ರತಿ ವರ್ಷವೂ ಸೊರಗುತ್ತಿದ್ದುದಕ್ಕೆ ಇದೇ ಮುಖ್ಯ ಕಾರಣವೆಂದು ನಾನು ಈಗ ನಂಬುತ್ತೇನೆ.

ಯುಗಾದಿಯ ಬೇವುಬೆಲ್ಲ, ಎಣ್ಣೆಸ್ನಾನ, ಒಬ್ಬಟ್ಟುಗಳನ್ನು ಎಲ್ಲರೂ ಬಲ್ಲರು. ಹಬ್ಬದ ಆ ವಾರದಲ್ಲಿ ನಮ್ಮ ಕಡೆ ಹೊನ್ನಾರು ಕಟ್ಟುತ್ತಾರೆ. ಎತ್ತುಗಳನ್ನು ಸಿಂಗರಿಸಿ ವರ್ಷದ ಮೊದಲ ಸಾಲು ಹೊಡೆಯುತ್ತಾರೆ. ಮರುದಿನದ ವರ್ಷತೊಡಕು ಹಳೆಯ ಮೈಸೂರು ಸೀಮೆಯ ಹೊರಗಿನವರಿಗೆ ಅಷ್ಟಾಗಿ ಪರಿಚಯವಿರಲಾರದು. ಹೊಸತೊಡಕು ಎಂದೂ ಹೇಳುತ್ತೇವೆ. ಅಂದು ಮಾಂಸದಡುಗೆ, ಊರವರು ಸೇರಿ ಗುಡ್ಡೆ ಮಾಂಸ ಹಾಕುತ್ತಾರೆ. ಅಂದು ಯಾವ ಕೆಲಸದಲ್ಲಿ ತೊಡಗುತ್ತೇವೆಯೋ ವರ್ಷವಿಡೀ ಅದೇ ಕೆಲಸ ಕೈಗೂಡುತ್ತದೆ ಎಂಬ ನಂಬಿಕೆಯಿಂದ ಅಜ್ಜಿ ಮಕ್ಕಳನ್ನು ಬೈಯುತ್ತಿರಲಿಲ್ಲ, ಸಾಲ ಕೇಳಿ ಯಾರ ಬಾಗಿಲಿಗೂ ಹೋಗಬಾರದೆನ್ನುತ್ತಿದ್ದಳು, ನಮ್ಮ ಕೈಯಲ್ಲಿ ಬಳಪ ಹಿಡಿಸಿ ನಾಲ್ಕು ಸಾಲನ್ನಾದರೂ ಬರೆಸುತ್ತಿದ್ದಳು. ಸಂಜೆ ಎಲ್ಲರೂ ಬಯಲಿಗೆ ಬಂದು, ಪಡುವಣದಲ್ಲಿ ಎಳೆಯ ಚಂದ್ರ ಕಾಣುವುದನ್ನೇ ಕಾಯುತ್ತಿದ್ದೆವು. ಚಂದ್ರನನ್ನು ಕಂಡ ಮೇಲೆ ಕಿರಿಯರು ಹಿರಿಯರ ಕಾಲಿಗೆ ಬೀಳುವುದು ರೂಢಿ.

ನಮ್ಮ ಮನೆಯಲ್ಲಿ ಅದಾದ ಮೇಲೆ ಇನ್ನೊಂದು ಕ್ರಮವಿತ್ತು. ಜಗಲಿಯ ಮೇಲೆ ಕೂತು ಅಪ್ಪ ಒಬ್ಬೊಬ್ಬರನ್ನೂ ಕೇಳುತ್ತಿದ್ದರು: "ಈ ವರ್ಷ ಏನು ಮಾಡೀಯೆ?" ಒಂದೇ ಕೆಲಸ ಹೇಳಬೇಕು. ಹೇಳಿದೊಡನೆ ಎರಡನೆಯ ಪ್ರಶ್ನೆ ಬರುತ್ತಿತ್ತು: "ಯಾವ ಮಳೆಯೊಳಗೆ?" ತಿಂಗಳು, ತಾರೀಖು ಹೇಳಿದರೆ ಅಪ್ಪ ಒಪ್ಪುತ್ತಿರಲಿಲ್ಲ. ಆರಿದ್ರಾ ಹುಯ್ಯುವುದಕ್ಕೆ ಮುಂಚೆ ನಾಡಹೆಂಚು ಕೈಯಾಡಿಸಬೇಕು ಎಂದು ಅವ್ವ, ಪುಷ್ಯ ಕಳೆಯುವಷ್ಟರಲ್ಲಿ ಕೂರಿಗೆ ಹೊಡೆಯುವುದನ್ನು ಕಲಿಯುತ್ತೇನೆ ಎಂದು ಅಣ್ಣ, ಗೌರಿಹಬ್ಬದೊಳಗೆ ಮಗ್ಗಿಯನ್ನು ಪೂರಾ ಒಪ್ಪಿಸುತ್ತೇನೆ ಎಂದು ನಾನು.

ಈ ಎರಡನೆಯ ಪ್ರಶ್ನೆಯಲ್ಲಿ ಇಡೀ ಬೇಸಾಯದ ತಿಳಿವಳಿಕೆ ಅಡಗಿದೆ. ನಮ್ಮ ಮಳೆನಕ್ಷತ್ರಗಳು ಸೂರ್ಯನ ನಡೆಯನ್ನು ಅನುಸರಿಸಿದವು. ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುವುದರಿಂದ ಒಂದೊಂದರ ಪಾಲಿಗೆ 13 ಅಥವಾ 14 ದಿನಗಳು ಬರುತ್ತವೆ. ಮೇ ಕೊನೆಯ ವಾರದಲ್ಲಿ ರೋಹಿಣಿ, ಜೂನ್ 22ರ ಸುಮಾರಿಗೆ ಆರಿದ್ರಾ, ಜುಲೈ ಮೊದಲ ವಾರದಲ್ಲಿ ಪುನರ್ವಸು, ಆಗಸ್ಟ್ ನಡುವೆ ಮಘೆ, ಅಕ್ಟೋಬರ್ ಕೊನೆಯ ವಾರದಲ್ಲಿ ಸ್ವಾತಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದೂ, ಮಘೆ ಮಳೆ ಬಂದಷ್ಟು ಒಳ್ಳೆಯದು, ಮನೆ ಮಗ ಉಂಡಷ್ಟು ಒಳ್ಳೆಯದು ಎಂದೂ ಹೇಳುವ ಗಾದೆಗಳು ಈ ಹದಿಮೂರು ಹದಿನಾಲ್ಕು ದಿನಗಳ ತುಂಡುಗಳಿಗೆ ಒಂದೊಂದು ಕೆಲಸವನ್ನು, ಒಂದೊಂದು ಆಸೆಯನ್ನು ಕಟ್ಟಿಕೊಡುತ್ತವೆ. ನಕ್ಷತ್ರ ನೋಡಿ ಮಳೆ ಬರುತ್ತದೆಂದು ನಾನು ವಾದಿಸುತ್ತಿಲ್ಲ. ಮಳೆಯ ಹಂಚಿಕೆ ನನ್ನ ಕಣ್ಣೆದುರೇ ಬದಲಾಗಿದೆ, ಗಾದೆಗಳು ಸುಳ್ಳಾದ ವರ್ಷಗಳೂ ಬೇಕಾದಷ್ಟಿವೆ. ಆದರೆ ಪ್ರತಿ ಕೆಲಸಕ್ಕೂ ಒಂದು ಹದವಿದೆ, ಹದ ಮೀರಿದರೆ ಎಷ್ಟು ದುಡಿದರೂ ಫಲವಿಲ್ಲ ಎಂಬುದು ಸುಳ್ಳಾಗಿಲ್ಲ. ವರ್ಷವನ್ನು 365 ದಿನಗಳ ಒಂದೇ ಬಯಲೆಂದು ಕಂಡವನಿಗೆ ಎಂದಾದರೂ ಮಾಡಿದರಾಯಿತು ಎನ್ನಿಸುತ್ತದೆ. ಅದನ್ನು ಮಳೆಗಳಾಗಿ ಕಂಡವನಿಗೆ ಈ ಮಳೆ ದಾಟಿದರೆ ಮುಂದಿನ ವರ್ಷವೇ ಎಂಬ ಎಚ್ಚರವಿರುತ್ತದೆ.

ಹದ ತಪ್ಪಿದಾಗ ಏನು ಮಾಡಬೇಕೆಂಬುದೂ ಆ ತಿಳಿವಳಿಕೆಯ ಭಾಗವೇ. ಮುಂಗಾರು ಮೊದಲೇ ಹಿಡಿದರೆ ಸುಮಾರು 120 ದಿನಗಳ ದೀರ್ಘಾವಧಿ ರಾಗಿ, ತಡವಾದರೆ ನೂರು ದಿನಗಳ ಆಸುಪಾಸಿನಲ್ಲಿ ಬರುವ ತಳಿ, ಅದಕ್ಕೂ ಮಳೆ ಕೊಡದಿದ್ದರೆ ಹುರುಳಿ. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ರೈತರು ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಒಂದೇ ಬೆಳೆಗೆ ಹಲವು ತಳಿಗಳಿರುವುದರ ಸುಖವನ್ನು ಕಾಲ ತಪ್ಪಿದ ವರ್ಷದಲ್ಲಿ ಬಿತ್ತಿದವನೇ ಬಲ್ಲ.

ನನಗೆ ಇದು ಚೆನ್ನಾಗಿ ಅರ್ಥವಾದದ್ದು 2023ರಲ್ಲಿ. ಜುಲೈ ಕೊನೆಯಲ್ಲಿ ಸಿಕ್ಕ ಹದಕ್ಕೆ ಅಣ್ಣ ರಾಗಿ ಬಿತ್ತಿದ್ದ. ಆಮೇಲೆ ಆಶ್ಲೇಷವೂ ಮಘೆಯೂ ಬರಲೇ ಇಲ್ಲ. ಆ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಆ ವರ್ಷ ಬರಪೀಡಿತವೆಂದು ಘೋಷಿಸಲಾಯಿತು. ಪೈರು ಮೊಳಕಾಲೆತ್ತರಕ್ಕೂ ಬಾರದೆ ಸುರುಟಿಕೊಂಡಿತು. ಸೆಪ್ಟೆಂಬರ್ ನಡುವೆ, ಉತ್ತರೆಯಲ್ಲಿ, ನೆಲ ನೆನೆಯುವಷ್ಟು ಮಳೆ ಬಂದಾಗ ಅಣ್ಣ ಅರ್ಧ ಹೊಲವನ್ನು ಉತ್ತು ಹುರುಳಿ ಎರಚಿದ. ನಾನು ಫೋನಿನಲ್ಲಿ ಮರುಗುತ್ತಿದ್ದರೆ ಅವನು, "ರಾಗಿ ಹೋಯ್ತು ಕಣೋ, ವರ್ಷ ಹೋಗಿಲ್ಲ" ಎಂದ. ಮುಂದಿನ ಸಂಕ್ರಾಂತಿಯಲ್ಲಿ ಮನೆಯಲ್ಲಿದ್ದದ್ದು ಕೆಲವೇ ಸೇರು ರಾಗಿ, ಎರಡು ಚೀಲ ಹುರುಳಿ.

ಆ ಸಂಕ್ರಾಂತಿಯಂದು, ವರ್ಷತೊಡಕಿನ ಸಂಜೆ ಒಬ್ಬೊಬ್ಬರೂ ಹೇಳಿದ್ದ ಕೆಲಸದ ಲೆಕ್ಕವನ್ನು ಅವ್ವ ಕೇಳುವುದನ್ನು ನಾನು ಬಹಳ ವರ್ಷಗಳ ನಂತರ ಕೂತು ಕೇಳಿಸಿಕೊಂಡೆ. 2011ರಲ್ಲಿ ಅಪ್ಪ ತೀರಿಕೊಂಡ ಮೇಲೆ ಈ ಕ್ರಮ ನಿಂತುಹೋಗಿರಬೇಕೆಂದು ನಾನು ಭಾವಿಸಿದ್ದೆ. ಯುಗಾದಿಗೆ ರಜೆಯಿರುತ್ತದೆ, ವರ್ಷತೊಡಕಿಗೆ ಇರುವುದಿಲ್ಲ. ಹಾಗಾಗಿ ಹಬ್ಬದ ದಿನವೇ ರಾತ್ರಿ ಬಸ್ಸು ಹತ್ತಿ ಬರುವುದು ನನಗೆ ಅಭ್ಯಾಸವಾಗಿತ್ತು. ಅಣ್ಣ, ಅತ್ತಿಗೆ, ಅವರ ಮಕ್ಕಳೊಡನೆ ಅವ್ವ ಅದನ್ನು ಒಂದು ವರ್ಷವೂ ಬಿಡದೆ ನಡೆಸಿಕೊಂಡು ಬಂದಿದ್ದಳು. ನನ್ನನ್ನು ಮಾತ್ರ ಕೇಳಿರಲಿಲ್ಲ, ನಾನು ಅಲ್ಲಿ ಇರುತ್ತಿರಲಿಲ್ಲವಲ್ಲ. ಇದನ್ನು ಬರೆಯುವಾಗಲೂ ನನಗೆ ನೋವಾಗುತ್ತದೆ.

ಲೆಕ್ಕದ ದಿನ ನಮ್ಮಲ್ಲಿ ಕೇಳುವ ಪ್ರಶ್ನೆ ಬೇರೆ. ಹೇಳಿದ ಕೆಲಸ ಆಗಿದ್ದರೆ ಮಾತಿಲ್ಲ, ಎಳ್ಳುಬೆಲ್ಲ ಬಾಯಿಗೆ ಬೀಳುತ್ತದೆ. ಆಗಿರದಿದ್ದರೆ, "ಮಳೆ ತಪ್ಪಿತೋ, ಕೈ ತಪ್ಪಿತೋ?" ಅಪ್ಪ ಈ ಪ್ರಶ್ನೆಯನ್ನು ಮೊದಲು ತಮಗೇ ಕೇಳಿಕೊಳ್ಳುತ್ತಿದ್ದರು. ಕೆರೆಯ ಕಡೆಯ ಹೊಲಕ್ಕೆ ಬದು ಹಾಕುವೆನೆಂದು ಹೇಳಿ ಮೂರು ವರ್ಷ ಹಾಕಲಾಗದೆ, ಮೂರೂ ವರ್ಷ ನಮ್ಮೆದುರು "ಕೈ ತಪ್ಪಿತು" ಎಂದು ಒಪ್ಪಿಕೊಂಡದ್ದು ನನಗೆ ನೆನಪಿದೆ. ಮಳೆ ತಪ್ಪಿದ್ದಕ್ಕೆ ತಲೆ ತಗ್ಗಿಸಬೇಕಾಗಿಲ್ಲ. ಕೈ ತಪ್ಪಿದ್ದಕ್ಕೆ ಮಳೆಯನ್ನು ದೂರಬಾರದು. ಗುರಿ ಮುಟ್ಟದವರೆಲ್ಲರನ್ನೂ ಸೋಮಾರಿಗಳೆನ್ನುವ ಈ ಕಾಲದಲ್ಲಿ, ಕಾಯಿಲೆಯಿಂದಲೋ ಕೆಲಸ ಹೋದದ್ದರಿಂದಲೋ ವರ್ಷ ಕೆಟ್ಟವರಿಗೂ ಸುಮ್ಮನೆ ಕಾಲ ಕಳೆದವರಿಗೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ಗುರುತಿಸುವ ಇನ್ನೊಂದು ಮಾತನ್ನು ನಾನು ಕೇಳಿಲ್ಲ.

2024ರ ಯುಗಾದಿ ಏಪ್ರಿಲ್ 9ಕ್ಕೆ ಬಂದಿತ್ತು. ಬೆಂಗಳೂರಿನಲ್ಲಿ ಕೊಳವೆಬಾವಿಗಳು ಬತ್ತಿ, ನಮ್ಮ ಬಡಾವಣೆಯವರೂ ಟ್ಯಾಂಕರಿಗಾಗಿ ಕಾದು ಕೂರುತ್ತಿದ್ದ ಬೇಸಗೆ ಅದು. ಅಂದಿನಿಂದ ವರ್ಷತೊಡಕಿಗೂ ಒಂದು ದಿನ ರಜೆ ಹಾಕಿ ಊರಿನಲ್ಲೇ ಉಳಿಯುತ್ತಿದ್ದೇವೆ. ಕಳೆದ ವರ್ಷ, ಮಾರ್ಚ್ 31ರ ಸಂಜೆ, ಹನ್ನೆರಡು ವರ್ಷದ ಮಗಳು ಸೈಕಲ್ ಕಲಿಯುತ್ತೇನೆ ಎಂದಳು. ಯಾವ ಮಳೆಯೊಳಗೆ ಎಂದು ಅವ್ವ ಕೇಳಿದಾಗ ಅವಳಿಗೆ ಒಂದು ಮಳೆಯ ಹೆಸರೂ ಗೊತ್ತಿರಲಿಲ್ಲ. ಅಂದು ರಾತ್ರಿ ಅಜ್ಜಿಯ ಪಕ್ಕದಲ್ಲಿ ಮಲಗಿ ಅಶ್ವಿನಿಯಿಂದ ಸ್ವಾತಿಯವರೆಗೆ ಕಲಿತಳು. ರೋಹಿಣಿಗೆ ಮುಂಚೆಯೇ ಕಲಿಯಬೇಕು, ಆಮೇಲೆ ಸಂಜೆಗಳಲ್ಲಿ ಮಳೆ ಹಿಡಿಯುತ್ತದೆ ಎಂದು ಬೆಳಿಗ್ಗೆ ತಾನೇ ಬಂದು ಹೇಳಿದಳು. ಬೇಸಗೆ ರಜೆಯಲ್ಲಿ ಕಲಿತಳು ಕೂಡ. ಬಿತ್ತನೆಗೆ, ಕಳೆಗೆ, ಕಣಕ್ಕೆ ಮೂರು ಸಲ ಊರಿಗೆ ಬಂದು ಅಣ್ಣನ ಜೊತೆ ದುಡಿಯುತ್ತೇನೆಂದು ನಾನು ಹೇಳಿದ್ದೆ.

ಬಿತ್ತನೆಗೂ ಕಳೆಗೂ ಹೋದೆ. ಕಣಕ್ಕೆ ಹೋಗಲಿಲ್ಲ. ಮೊನ್ನೆ ಸಂಕ್ರಾಂತಿಯ ಸಂಜೆ ನನ್ನ ಸರದಿ ಬಂದಾಗ, ವರ್ಷಾಂತ್ಯದ ಕೆಲಸ, ರಜೆ ಸಿಗುವ ಕಷ್ಟ ಎಂದೆಲ್ಲ ಹೇಳಲು ಹೊರಟೆ. ಅವ್ವ ತಡೆಯಲಿಲ್ಲ, ಕೊನೆಯವರೆಗೆ ಕೇಳಿಸಿಕೊಂಡಳು. ಆಮೇಲೆ ಅದೇ ಪ್ರಶ್ನೆಯನ್ನು ಕೇಳಿದಳು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಡಿಸೆಂಬರ್ ಕೊನೆಯ ವಾರ ನಾನು ರಜೆಯಲ್ಲಿದ್ದೆ, ಮನೆಯವರೊಡನೆ ಬೇರೆ ಊರಿಗೆ ಹೋಗಿದ್ದೆ ಎಂಬುದು ಅವಳಿಗೂ ಗೊತ್ತಿತ್ತು.

"ಕೈ ತಪ್ಪಿತು ಕಣವ್ವ" ಎಂದೆ. ಅವ್ವ ಎಳ್ಳುಬೆಲ್ಲವನ್ನು ನನ್ನ ಅಂಗೈಗೂ ಹಾಕಿ, ಮೊಮ್ಮಗಳ ಕಡೆ ತಿರುಗಿದಳು.