ಹದಿನಾರು ದೀಪ, ಒಂದೇ ಸ್ವಿಚ್

ನಿನ್ನೆ ಸಂಜೆಯಿಂದ ತಲೆ ಕಾದಿದೆ. ಇಲ್ಲಿ ಬರೆದು ಇಳಿಸಿಕೊಳ್ಳದಿದ್ದರೆ ಇವತ್ತೂ ನಿದ್ದೆ ಬರುವ ಹಾಗಿಲ್ಲ.

ಗೆಳೆಯನೊಬ್ಬ ಹೊಸದಾಗಿ ಕ್ಯಾಂಪರ್ ವ್ಯಾನ್ ಮಾಡಿಸಿದ್ದಾನೆ, ಒಳಗೇ ಹಾಸಿಗೆ, ಒಲೆ ಇರುವ ಪ್ರವಾಸದ ವ್ಯಾನು. ಆರು ತಿಂಗಳ ಶ್ರಮ. ಮರದ ಕೆಲಸ ನಿಜಕ್ಕೂ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಬಾಗಿಲು ಸರಿಸಿ, "ಅಕ್ಕಾ, ಈಗ ನೋಡಿ" ಅಂತ ಸ್ವಿಚ್ ಒತ್ತಿದ. ನಾನು ಕಣ್ಣು ಮುಚ್ಚಿಕೊಂಡೆ. ಭಕ್ತಿಯಿಂದಲ್ಲ. ಸೀಲಿಂಗಿನ ತುಂಬ ಹದಿನಾರು ದೀಪ. ಹದಿನಾರೂ ಸುಣ್ಣ ಬಳಿದಂಥ ಬಿಳಿ. ಎಲ್ಲಕ್ಕೂ ಸೇರಿ ಒಂದೇ ಸ್ವಿಚ್.

"ಹಾಸಿಗೆ ಹತ್ತಿರದ್ದು ಮಾತ್ರ ಹಾಕ್ಬೇಕು ಅಂದ್ರೆ?" ಅಂತ ಕೇಳಿದೆ.

"ಮಾತ್ರ ಯಾಕಕ್ಕಾ? ಎಲ್ಲಾ ಎಲ್‌ಇಡಿ ತಾನೇ. ಕರೆಂಟೇ ತಿನ್ನಲ್ಲ."

ಕರೆಂಟೇ ತಿನ್ನಲ್ಲವಂತೆ! ಅಲ್ಲಿಂದ ಶುರುವಾಯಿತು ನನ್ನ ತಲೆಬಿಸಿ. ನಿಮಗೆ ಗೊತ್ತೇ ಇದೆ, ನಮ್ಮ ವ್ಯಾನಿನಲ್ಲಿ ಸ್ಟೇರಿಂಗ್ ನಮ್ಮನೆಯವರದ್ದು, ವೈರಿಂಗ್ ನನ್ನದು. ಇಂಥ ಮಾತು ಕೇಳಿಸಿಕೊಂಡು ಸುಮ್ನೆ ನಕ್ಕು ಬರೋಕೆ ನನ್ನ ಕೈಲಿ ಆಗಲ್ಲ.

ಒಂದೊಂದು ದೀಪ 3 ವ್ಯಾಟ್. ಹದಿನಾರಕ್ಕೆ 48 ವ್ಯಾಟ್. 12 ವೋಲ್ಟ್ ಬ್ಯಾಟರಿಯಿಂದ 4 ಆಂಪಿಯರ್. ಸಂಜೆಯಿಂದ ಮಲಗುವವರೆಗೆ ನಾಲ್ಕು ತಾಸು ಉರಿದರೆ 16 ಆಂಪಿಯರ್ ಅವರ್ ಹೋಯಿತು. ಅವನು ಇಟ್ಟಿರುವುದು 100 ಆಂಪಿಯರ್ ಅವರ್‌ನ ಲೆಡ್ ಆಸಿಡ್ ಬ್ಯಾಟರಿ. ಅದರಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸುತ್ತ ಹೋದರೆ ಬ್ಯಾಟರಿ ಬೇಗ ಸಾಯುತ್ತದೆ. ಅಂದರೆ ನೆಮ್ಮದಿಯಿಂದ ಬಳಸಬಹುದಾದದ್ದು 50. ಅದರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು, ಒಬ್ಬ ಮನುಷ್ಯ ಮೂಲೆಯಲ್ಲಿ ಕೂತು ಪುಸ್ತಕ ಓದೋಕೆ!

ಹಳೇ ಕಾಲದ ವ್ಯಾನುಗಳಲ್ಲಿ 10 ವ್ಯಾಟಿನ ಪುಟ್ಟ ಹ್ಯಾಲೋಜನ್ ದೀಪ ಇರುತ್ತಿತ್ತಲ್ಲ, ಅಂಥವು ಐದು ಉರಿಸಿದರೂ 50 ವ್ಯಾಟ್. ಲೆಕ್ಕ ಅಲ್ಲಿಗೇ ಬಂತು. ಎಲ್‌ಇಡಿ ಉಳಿಸಿಕೊಟ್ಟದ್ದನ್ನೆಲ್ಲ ಇವನು ಎಣಿಕೆ ಜಾಸ್ತಿ ಮಾಡಿ ತಿಂದು ಮುಗಿಸಿದ್ದಾನೆ. ಬೆಳಕಿನ ಲೆಕ್ಕ ಇನ್ನೂ ಮಜವಾಗಿದೆ. ಒಂದು ವ್ಯಾಟಿಗೆ 90 ಲೂಮೆನ್ (ಬೆಳಕಿನ ಅಳತೆ) ಅಂತ ಹಿಡಿದರೂ ಒಟ್ಟು ನಾಲ್ಕು ಸಾವಿರ ದಾಟುತ್ತದೆ. ನಮ್ಮ ಹಳೇ 60 ವ್ಯಾಟಿನ ಬಲ್ಬು ಕೊಡುತ್ತಿದ್ದದ್ದು ಸುಮಾರು 800. ಕೈ ಚಾಚಿದರೆ ಎರಡೂ ಗೋಡೆ ಸಿಗುವ ಡಬ್ಬಿಯೊಳಗೆ ಅಂಥ ಐದು ಬಲ್ಬು! ಅಲ್ಲಿ ಓದೋದಾ, ಆಪರೇಷನ್ ಮಾಡೋದಾ?

ಎಲ್‌ಇಡಿ ತಗೊಳ್ಳಿ ಅಂತ ಈಗ ಯಾರಿಗೂ ಹೇಳಿಕೊಡಬೇಕಾಗಿಲ್ಲ. ತಂದ ಮೇಲೆ ಎಲ್ಲಿ ಹಾಕಬೇಕು, ಎಷ್ಟು ಹಾಕಬೇಕು, ಬೇರೆ ಬೇರೆ ಆರಿಸೋದು ಹೇಗೆ ಅಂತ ಯಾರೂ ಯೋಚಿಸಲ್ಲ. ಹಾಸಿಗೆಯ ತಲೆ ಕಡೆ ಬಗ್ಗುವ ಕತ್ತಿನ ಓದುವ ದೀಪ, 2 ವ್ಯಾಟ್ ಸಾಕು. ಒಲೆಯ ಮೇಲೊಂದು, ಒಲೆಗೆ ಮಾತ್ರ ಬೀಳುವ ಹಾಗೆ. ಬಾಗಿಲ ಮೆಟ್ಟಿಲಿಗೆ ಒಂದು ಚಿಕ್ಕದು. ಮೇಲೆ ಎಲ್ಲ ಕಡೆಗೂ ಆಗುವ ಒಂದೋ ಎರಡೋ, ಅವಕ್ಕೆ ಡಿಮ್ಮರ್. ಪ್ರತಿಯೊಂದಕ್ಕೂ ಅದರದೇ ಸ್ವಿಚ್, ಮಲಗಿದಲ್ಲೇ ಕೈಗೆ ಸಿಗುವ ಹಾಗೆ. ಹೀಗಿದ್ದರೆ ಇಡೀ ಸಂಜೆ 1 ಆಂಪಿಯರ್ ದಾಟುವುದೇ ಅಪರೂಪ. ಡಿಮ್ಮರಿನಲ್ಲಿ ಅರ್ಧಕ್ಕೆ ಇಳಿಸಿದರೆ ಕರೆಂಟೂ ಹೆಚ್ಚುಕಡಿಮೆ ಅರ್ಧ. ಕಳಪೆ ಡಿಮ್ಮರ್ ತರಬೇಡಿ ಅಷ್ಟೇ. ಡಿಮ್ಮರ್ ದೀಪವನ್ನು ಬೇಗ ಬೇಗ ಆರಿಸಿ ಹೊತ್ತಿಸಿಯೇ ಮಂದ ಮಾಡುವುದು. ಆ ವೇಗ ಸಾಲದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ, ಕೆಲವರಿಗೆ ತಲೆನೋವೂ ಬರುತ್ತದೆ.

ಅವನ ಪ್ರತಿಭೆ ಅಲ್ಲಿಗೇ ನಿಲ್ಲಲಿಲ್ಲ. ಮೂಲೆಯಲ್ಲಿ ಒಂದು ಟೇಬಲ್ ಲ್ಯಾಂಪ್ ಇತ್ತು, ಮನೆಯಲ್ಲಿ ಹಾಕುವ 5 ವ್ಯಾಟಿನ ಬಲ್ಬಿನದ್ದು. ಅದಕ್ಕಾಗಿ ಇನ್ವರ್ಟರ್ ಆನ್! ಇನ್ವರ್ಟರ್ ಬ್ಯಾಟರಿಯ ಡಿಸಿಯನ್ನು ಎಸಿ ಮಾಡಬೇಕು, ಬಲ್ಬಿನೊಳಗಿನ ಡ್ರೈವರ್ ಅನ್ನುವ ಪುಟ್ಟ ಸರ್ಕ್ಯೂಟ್ ಆ ಎಸಿಯನ್ನು ಮತ್ತೆ ಡಿಸಿ ಮಾಡಬೇಕು. ಎರಡೂ ಕಡೆ ಸೋರಿಕೆ. ಸಾಲದ್ದಕ್ಕೆ ದೊಡ್ಡ ಇನ್ವರ್ಟರ್ ಏನೂ ಹಾಕದೆ ಖಾಲಿ ಕೂತರೂ 10 ವ್ಯಾಟ್ ಆಸುಪಾಸು ಕುಡಿಯುತ್ತಿರುತ್ತದೆ. ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ ಅಲ್ವಾ?

ಇನ್ನು ಆ ಬಣ್ಣ. ದೀಪದ ಡಬ್ಬಿಯ ಮೇಲೆ 6500 ಕೆಲ್ವಿನ್ ಅಂತ ದೊಡ್ಡದಾಗಿ ಬರೆದಿತ್ತು. ಬೆಳಕಿನ ಬಣ್ಣದ ಅಳತೆ ಅದು, ಅಂಕಿ ಏರಿದಷ್ಟೂ ಬೆಳಕು ನೀಲಿ ಕಡೆಗೆ. ನೋಡದೆ ತಂದಿದ್ದಾನೆ. 2014ರಲ್ಲಿ ನೀಲಿ ಎಲ್‌ಇಡಿಗಾಗಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂತು. ಆ ನೀಲಿಗೆ ಫಾಸ್ಫರ್ ಲೇಪ ಹಚ್ಚಿಯೇ ಬಿಳಿ ಬೆಳಕು ತರಿಸುವುದು. 6500ರ ದೀಪದಲ್ಲಿ ನೀಲಿ ಜಾಸ್ತಿ ಉಳಿದಿರುತ್ತದೆ. ನಿದ್ದೆಗೆ ಅದು ಶತ್ರು, ಹುಳುಗಳಿಗೆ ಆಮಂತ್ರಣ. ಮಲಗುವ ಜಾಗಕ್ಕೆ 2700, ಹೆಚ್ಚೆಂದರೆ 3000. ಬೆಚ್ಚಗಿನ ಬಣ್ಣದ ದೀಪಕ್ಕೆ ಒಂದು ವ್ಯಾಟಿಗೆ ಬರುವ ಬೆಳಕು ಸ್ವಲ್ಪ ಕಮ್ಮಿ, ನಿಜ. ಆದರೆ ಕಣ್ಣಿಗೆ ಹಿತವಾಗಿರುವ ಕಡೆ ಅಷ್ಟು ಬೆಳಕು ಬೇಕಾಗುವುದೇ ಇಲ್ಲ. ಒಲೆಯ ಮೇಲಿನದಕ್ಕೆ ಮಾತ್ರ ಸಿಆರ್‌ಐ (ಬಣ್ಣಗಳನ್ನು ಇದ್ದ ಹಾಗೇ ತೋರಿಸುವುದಕ್ಕೆ ಕೊಡುವ ಅಂಕ) 90 ಇರುವುದನ್ನು ಹುಡುಕಿ, ಬೆಂದದ್ದು ಯಾವುದು ಸೀದದ್ದು ಯಾವುದು ಅಂತ ಬಣ್ಣ ನೋಡಿ ಗೊತ್ತಾಗಲಿ.

ಈಗ ಅವನ ವಾದಕ್ಕೆ ಬರುತ್ತೇನೆ. "ಫ್ರಿಡ್ಜ್ ಓಡುವಾಗ 40, 50 ವ್ಯಾಟ್ ತಿನ್ನುತ್ತೆ, ಅದೂ ಹಗಲೂ ರಾತ್ರಿ. ಅದರ ಮುಂದೆ ದೀಪ ಯಾವ ಲೆಕ್ಕ? ಇನ್ನೊಂದು ಸೋಲಾರ್ ಪ್ಯಾನೆಲ್ ಹಾಕಿದ್ರಾಯ್ತು." ಒಪ್ಪಿದೆ, ಫ್ರಿಡ್ಜ್ ದೊಡ್ಡ ತಿಂಡಿಪೋತ. ಆದರೆ ಅದನ್ನು ಆರಿಸೋಕೆ ಆಗಲ್ಲ, ದೀಪ ಆರಿಸಬಹುದು. ಎಲ್ಲಕ್ಕೂ ಒಂದೇ ಸ್ವಿಚ್ ಇಟ್ಟಿಲ್ಲದಿದ್ದರೆ! ಪ್ಯಾನೆಲ್ ವಿಷಯ: ದೀಪ ಹೆಚ್ಚು ಉರಿಯುವುದು ಯಾವಾಗ? ಮೂರು ದಿನ ಮೋಡ ಕವಿದು, ಮಳೆ ಹಿಡಿದು, ಮಧ್ಯಾಹ್ನವೇ ಒಳಗೆ ಕತ್ತಲಾದಾಗ. ಆಗ ನಿನ್ನ ಎರಡು ಪ್ಯಾನೆಲ್ಲೂ ಸೇರಿ ಎಷ್ಟು ಕೊಡುತ್ತವೆ ನೋಡೋಣ ಅಂದೆ. "ಅದೇನೋ ನಿಜ" ಅಂದ. ಅಷ್ಟರಲ್ಲಿ ಫೋನ್ ತೆಗೆದು ಆ ಹದಿನಾರು ದೀಪದ ಫೋಟೋ ಹೊಡೆಯುತ್ತಿದ್ದ.

ಆ ಫೋಟೋಕ್ಕೇ ತಾನೇ ಇಷ್ಟೆಲ್ಲ. ವ್ಯಾನಿನ ದೀಪಗಳನ್ನು ಈಗ ಯಾರೂ ಒಳಗೆ ಕೂರುವವರಿಗಾಗಿ ಹಾಕುತ್ತಿಲ್ಲ, ಹೊರಗೆ ನಿಂತು ನೋಡುವವರಿಗೆ ಹಾಕುತ್ತಿದ್ದಾರೆ.

ಸರಿ, ನನ್ನದೂ ಒಂದು ಇದೆ, ಹೇಳಿಬಿಡುತ್ತೇನೆ. ನಮ್ಮ ಮೊದಲ ವ್ಯಾನಿನ ಮೊದಲ ರಾತ್ರಿ ನಾನೂ ಎಲ್ಲ ದೀಪ ಹೊತ್ತಿಸಿ, ಇಳಿದು ಹೋಗಿ, ಇಪ್ಪತ್ತು ಹೆಜ್ಜೆ ದೂರ ನಿಂತು ನೋಡಿದ್ದೆ. ಹಬ್ಬದಂತೆ ಕಂಡಿತ್ತು. ಆ ದೀಪ ಅಂದರೆ 5 ಮೀಟರ್ ಎಲ್‌ಇಡಿ ಸ್ಟ್ರಿಪ್, ಬ್ಯಾಟರಿಗೆ ನೇರ ಕೊಟ್ಟಿದ್ದೆ. 12 ವೋಲ್ಟ್ ಬ್ಯಾಟರಿ, 12 ವೋಲ್ಟ್ ಸ್ಟ್ರಿಪ್, ಇನ್ನೇನು ಬೇಕು ಅಂತ. ಬ್ಯಾಟರಿ ಹೆಸರಿಗಷ್ಟೇ 12. ತುಂಬಿದಾಗ 12.7, ಎಂಜಿನ್ನಿಂದಲೋ ಸೋಲಾರಿಂದಲೋ ಚಾರ್ಜ್ ಆಗುವಾಗ 14.4ರವರೆಗೂ ಏರುತ್ತದೆ. ಅಗ್ಗದ ಸ್ಟ್ರಿಪ್ಪಿನಲ್ಲಿ ಮೂರು ಎಲ್‌ಇಡಿಗೆ ಒಂದು ರೆಸಿಸ್ಟರ್, ಬೇರೆ ಕಾವಲಿಲ್ಲ. ವೋಲ್ಟೇಜ್ ಒಂಚೂರು ಏರಿದರೂ ಕರೆಂಟ್ ಸಿಕ್ಕಾಪಟ್ಟೆ ಏರುತ್ತದೆ. ಕೆಲವೇ ತಿಂಗಳಲ್ಲಿ ಮೂರು ಮೂರಾಗಿ ಸತ್ತವು. ಬಿಸಿಗೆ ಅಂಟು ಬಿಟ್ಟು, ಒಂದು ರಾತ್ರಿ ಇಡೀ ಸ್ಟ್ರಿಪ್ ಕಳಚಿ ನಮ್ಮನೆಯವರ ಮುಖದ ಮೇಲೆ ಬಿತ್ತು. ಹಾವು ಅಂತ ಕೂಗಿಕೊಂಡರು ಪಾಪ. "ಮಾಲೇ ಕೆಟ್ಟದ್ದು ಕಣ್ರೀ" ಅಂತ ಹೇಳಿ ತಪ್ಪಿಸಿಕೊಂಡಿದ್ದೆ. ಮಾಲು ಸರಿಯಾಗೇ ಇತ್ತು. ಇದನ್ನು ಓದುತ್ತಿದ್ದರೆ, ರೀ, ಕ್ಷಮಿಸಿ.

ಅದಾದ ಮೇಲೆ 10ರಿಂದ 30 ವೋಲ್ಟ್ ಅಂತ ಬರೆದಿರುವ, ಒಳಗೆ ಡ್ರೈವರ್ ಇರುವ ದೀಪ ಬಿಟ್ಟು ಬೇರೆ ತಂದಿಲ್ಲ. ವೋಲ್ಟೇಜ್ ಕುಣಿದರೂ ಅದರ ಬೆಳಕು ಕುಣಿಯಲ್ಲ. ಸ್ಟ್ರಿಪ್ಪೇ ಬೇಕು ಅನ್ನುವವರು ಅಲ್ಯೂಮಿನಿಯಂ ಪಟ್ಟಿಯೊಳಗೆ ಕೂರಿಸಿ, ಬಿಸಿ ಎಳೆದುಕೊಳ್ಳುತ್ತದೆ. ಪ್ರತಿ ಸಾಲಿಗೂ ಫ್ಯೂಸ್ ಹಾಕಿ, ಇದರಲ್ಲಿ ಮಾತ್ರ ಚೌಕಾಸಿ ಬೇಡ. ಮರ, ಬಟ್ಟೆ, ಫೋಮು ತುಂಬಿದ ಡಬ್ಬಿಯೊಳಗೆ ಮಲಗುವವರು ನಾವು.

ಇಷ್ಟೆಲ್ಲ ಹೇಳಿ ಬಂದೆ. ಮುಖ ಊದಿಸಿಕೊಂಡು ಕಳಿಸಿಕೊಟ್ಟ. ಇವತ್ತು ಬೆಳಿಗ್ಗೆ ಫೋನು. "ಅಕ್ಕಾ, ರಾತ್ರಿ ಒಳಗೇ ಮಲಗಿದ್ದೆ. ಎದ್ದು ನೀರು ಕುಡಿಯೋಣ ಅಂತ ಸ್ವಿಚ್ ಹಾಕಿದೆ..." ಅಂದವನು ಮುಂದೆ ಮಾತಾಡಲಿಲ್ಲ. ನಾನೂ ನಗಲಿಲ್ಲ. ಸ್ವಲ್ಪವೇ ನಕ್ಕೆ.

ಶನಿವಾರ ಅವನ ಸೀಲಿಂಗ್ ಬಿಚ್ಚಲು ಹೋಗುತ್ತಿದ್ದೇನೆ. ಹನ್ನೆರಡು ದೀಪ ತೆಗೆಯುವ ಯೋಚನೆ. ಅಷ್ಟು ಚೆಂದದ ಮರದಲ್ಲಿ ಹನ್ನೆರಡು ದುಂಡನೆ ತೂತು ಉಳಿಯುತ್ತದಲ್ಲ, ಅದನ್ನು ಯಾವುದರಿಂದ ಮುಚ್ಚೋದು ಅಂತ ಗೊತ್ತಿದ್ದವರು ಕೆಳಗೆ ಹೇಳಿ.