ಮುಳಶಿ ನೋಡಲು ಹೋಗುವ ಪುಣೆ ಕನ್ನಡಿಗರಿಗೆ

ಮಳೆ ಹಿಡಿಯಿತು ಅಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಮುಳಶಿ, ತಾಮ್ಹಿಣಿ ಘಾಟ್ ಫೋಟೋಗಳು ಶುರು. ಹೋಗಿ, ಖಂಡಿತ ಹೋಗಿ. ಆದರೆ ಮುಳಶಿ ಸರೋವರದ ನೀರಿನಡಿ ಏನಿದೆ ಅಂತ ತಿಳಿದುಕೊಂಡು ಹೋಗಿ.

ಅದು ತಾನಾಗಿ ಆದ ಸರೋವರ ಅಲ್ಲ. ಮುಂಬೈಗೆ ಕರೆಂಟ್ ಕೊಡಲು ಟಾಟಾ ಕಂಪನಿ ಮುಳಾ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು. ಆ ಕಣಿವೆಯಲ್ಲಿ ಅಂಬೆಮೋಹರ್ ಭತ್ತ ಬೆಳೆಯುತ್ತಿದ್ದ ಊರುಗಳಿದ್ದವು. 1921ರಲ್ಲಿ ಅಲ್ಲಿನ ರೈತರು ಸತ್ಯಾಗ್ರಹಕ್ಕೆ ಕೂತರು. ನಮ್ಮ ದೇಶದಲ್ಲಿ ಅಣೆಕಟ್ಟಿನ ವಿರುದ್ಧ ನಡೆದ ಮೊದಮೊದಲ ಹೋರಾಟಗಳಲ್ಲಿ ಇದೂ ಒಂದು. ಮುಂದೆ ನಿಂತವರು ಪಾಂಡುರಂಗ ಮಹಾದೇವ ಬಾಪಟ್. ಜನ ಅವರನ್ನು ಸೇನಾಪತಿ ಅಂತ ಕರೆದದ್ದು ಈ ಹೋರಾಟದಿಂದಲೇ. ನಾವು ದಿನಾ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುವ ಸೇನಾಪತಿ ಬಾಪಟ್ ರಸ್ತೆ ಇದೆಯಲ್ಲ, ಅದೇ ಬಾಪಟ್.

ಹೋರಾಟ ಸೋತಿತು. ಭೂಮಾಲೀಕರು ಪರಿಹಾರಕ್ಕೆ ಒಪ್ಪಿದರು, ಗೇಣಿದಾರರು ಒಂಟಿಯಾದರು. ಬಾಪಟರು ಜೈಲು ಕಂಡರು. 1927ರಲ್ಲಿ ಘಟ್ಟದ ಕೆಳಗಿನ ಭಿರಾದಲ್ಲಿ ಕರೆಂಟ್ ತಯಾರಾಯಿತು. ಮುಳಾ ಪೂರ್ವಕ್ಕೆ ಹರಿದು, ಭೀಮೆ ಸೇರಿ ನಮ್ಮ ಕಲಬುರಗಿ ಕಡೆ ಬರುವ ನದಿ. ಆದರೆ ಕರೆಂಟಿಗಾಗಿ ಕಟ್ಟೆಯಲ್ಲಿ ನಿಂತ ನೀರನ್ನು ಪಶ್ಚಿಮಕ್ಕೆ ತಿರುಗಿಸಿ, ಘಟ್ಟದಿಂದ ಕೊಂಕಣಕ್ಕೆ ಇಳಿಸುತ್ತಾರೆ.

ನಾನು ಸಾಗರದ ಕಡೆಯವಳು. ಲಿಂಗನಮಕ್ಕಿಯಲ್ಲಿ ತೋಟ, ಮನೆ ಕಳೆದುಕೊಂಡ ಮುಳುಗಡೆಯವರ ಮಾತು ಕೇಳುತ್ತಾ ಬೆಳೆದವಳು. ಹಾಗಾಗಿ ಮುಳಶಿಯನ್ನು ಸುಮ್ನೆ 'ವೀಕೆಂಡ್ ಸ್ಪಾಟ್' ಅಂತ ನೋಡಲು ನನ್ನಿಂದ ಆಗುವುದಿಲ್ಲ.

ನೀರಲ್ಲಿ ಮುಳುಗದೆ ಉಳಿದದ್ದು ಗುಡ್ಡದ ಕಾಡು. ಅಲ್ಲಿ ಶೇಕ್ರು ಇದೆ, ಮಹಾರಾಷ್ಟ್ರದ ರಾಜ್ಯಪ್ರಾಣಿ. ನಮ್ಮ ಮಲೆನಾಡಿನ ಕೆಂದಳಿಲಿನ ಬಳಗವೇ. ಎತ್ತರದ ಕವಲಿನಲ್ಲಿ ಎಲೆ, ಕಡ್ಡಿ ಸೇರಿಸಿ ಉಂಡೆಯಾಕಾರದ ಗೂಡು ಕಟ್ಟುತ್ತದೆ. ನೆಲಕ್ಕೆ ಇಳಿಯುವುದು ತೀರಾ ಅಪರೂಪ. ಕೊಂಬೆಯಿಂದ ಕೊಂಬೆಗೆ ನೆಗೆದೇ ಅದರ ಬದುಕು. ಗುಡ್ಡ ಕಡಿದು ರೆಸಾರ್ಟ್, ಫಾರ್ಮ್‌ಹೌಸ್ ಪ್ಲಾಟ್ ಮಾಡಿದರೆ ಮರದಿಂದ ಮರಕ್ಕೆ ದಾರಿಯೇ ತಪ್ಪುತ್ತದೆ. 2013ರಲ್ಲಿ ತಾಮ್ಹಿಣಿ ಅಭಯಾರಣ್ಯವಾಯಿತು, ಒಳ್ಳೆಯದೇ. ಆದರೆ ಅದರ ಗಡಿಯಾಚೆಗೂ ಮರಗಳಿವೆ, ಅಲ್ವಾ?

ಹಿಂಜವಡಿಯಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಒಂದು ಮಾತು. ನಿಮ್ಮ ಆಫೀಸ್ ಇರುವುದೂ ಮುಳಶಿ ತಾಲ್ಲೂಕಿನಲ್ಲೇ. 'ಲೇಕ್ ವ್ಯೂ ಪ್ಲಾಟ್' ಅಂತ ಏಜೆಂಟ್ ಫೋನ್ ಮಾಡಿದರೆ, ಅಲ್ಲಿ ಮೊದಲು ಏನಿತ್ತು, ಎಷ್ಟು ಮರ ಕಡಿದಿದ್ದೀರಿ ಅಂತ ಕೇಳಿ. ನಮ್ಮ ಕನ್ನಡ ಬಳಗಗಳು ಮಳೆಗಾಲದ ಪ್ರವಾಸ ಹೊರಟಾಗ ಅಂತ್ಯಾಕ್ಷರಿಗೆ ಮೊದಲು ಹತ್ತು ನಿಮಿಷ ಈ ಸತ್ಯಾಗ್ರಹದ ಕಥೆ ಮಕ್ಕಳಿಗೆ ಹೇಳಲಿ. ಯಾರೂ ಸಿಗದಿದ್ದರೆ ನನ್ನನ್ನು ಕರೆಯಿರಿ, ಬರುತ್ತೇನೆ.