ಭಂಗಾರದ ಓಟ

ಮದುವೆಯಾಗಿ ಡೊಂಬಿವಲಿಗೆ ಬಂದ ಮೂರನೆಯ ದಿನವೇ ನನ್ನ ಹೆಂಡತಿ ಬಾಲ್ಕನಿಯಿಂದ ಓಡಿಬಂದು, "ಇಲ್ಲಿ ಬಂಗಾರವನ್ನೂ ಕೈಗಾಡಿಯಲ್ಲಿ ಮಾರುತ್ತಾರೆಯೇ?" ಎಂದು ಕೇಳಿದ್ದಳು. ಕೆಳಗೆ ಭಂಗಾರ್‌ವಾಲಾ ಕೂಗುತ್ತಿದ್ದ. ಅವನ ಗಾಡಿಯಲ್ಲಿ ತೂತು ಬಿದ್ದ ಬಕೆಟ್ಟು, ರೆಕ್ಕೆ ಸೊಟ್ಟಗಾದ ಫ್ಯಾನು. ನಮ್ಮ ಬಂಗಾರ ಒಂದು ಮಹಾಪ್ರಾಣ ಹೆಚ್ಚಾದ ಮಾತ್ರಕ್ಕೆ ಮುಂಬಯಿಯಲ್ಲಿ ಗುಜರಿಯಾಗುತ್ತದೆ. ಕುಂದಾಪುರದ ಕಡೆಯವರಾದ ನಮಗೆ ಮಾತಿನಲ್ಲಿ ಮಹಾಪ್ರಾಣದ ಹಂಗು ಅಷ್ಟಾಗಿ ಇಲ್ಲದಿರುವುದರಿಂದ ಆ ಗೊಂದಲ ನಮ್ಮ ಮನೆಯಲ್ಲಿ ಈಗಲೂ ಪೂರ್ತಿ ಹೋಗಿಲ್ಲ. ಕಟ್ಟಡದ ಕೆಳಗೆ ಹೊದಿಕೆ ಹೊದ್ದು ನಿಂತಿರುವ ನನ್ನ ಹಳೆಯ ಕಾರು ಇವೆರಡರಲ್ಲಿ ಯಾವುದು ಎಂಬ ಬಗ್ಗೆ ಗಂಡಹೆಂಡಿರಲ್ಲಿ ಒಮ್ಮತವಿಲ್ಲ.

ಕ್ಯಾಲಿಫೋರ್ನಿಯಾದಲ್ಲಿರುವ ತಂಗಿಯ ಮಗ ಒಂದು ದಿನ ಫೋನು ಮಾಡಿ, "ಮಾವ, ನಾನು ಕಾರ್ ರೇಸಿಗೆ ಇಳಿಯುತ್ತಿದ್ದೇನೆ, ಅಮ್ಮನಿಗೆ ನೀವೇ ಹೇಳಿ" ಎಂದ. ನನ್ನ ಎದೆ ಧಸಕ್ಕೆಂದಿತು. ಕಾರಿನ ಬೆಲೆ ಕೇಳಿದ ಮೇಲೆ ಸಮಾಧಾನವಾಯಿತು. ಐನೂರು ಡಾಲರು. ಕಾರು ಅದಕ್ಕಿಂತ ದುಬಾರಿಯಾಗಿರಬಾರದು ಎಂಬುದೇ ಆ ರೇಸಿನ ನಿಯಮವಂತೆ. ನಮ್ಮ ಲೆಕ್ಕದಲ್ಲಿ ನಲವತ್ತು ಸಾವಿರಕ್ಕೆ ಸ್ವಲ್ಪ ಮೇಲೆ. 1983ರಲ್ಲಿ ಮಾರುತಿ 800 ಬಂದಾಗ ಹೊಸ ಗಾಡಿಯ ಬೆಲೆಯೇ ಐವತ್ತು ಸಾವಿರದ ಆಸುಪಾಸಿನಲ್ಲಿತ್ತು. ಆದರೆ ಆ ಐವತ್ತು ಸಾವಿರ ಬೇರೆ, ಈ ನಲವತ್ತು ಸಾವಿರ ಬೇರೆ ಎಂದು ಬ್ಯಾಂಕಿನಲ್ಲಿ ಮೂವತ್ತು ವರ್ಷ ಸವೆಸಿದ ನಾನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಫ್ರಾನ್ಸಿನ ಲೆ ಮಾನ್ ಊರಿನಲ್ಲಿ 1923ರಿಂದ ಇಪ್ಪತ್ತನಾಲ್ಕು ಗಂಟೆಗಳ ಹೆಸರಾಂತ ರೇಸು ನಡೆಯುತ್ತದೆ. ಕೋಟಿಗಳ ಕಾರುಗಳು, ಕೋಟಿಗಳ ಕಂಪನಿಗಳು. ಜೇ ಲ್ಯಾಮ್ ಎಂಬವರು 2006ರಲ್ಲಿ ಕ್ಯಾಲಿಫೋರ್ನಿಯಾದ ಆಲ್ಟಮಾಂಟಿನಲ್ಲಿ ಅದರ ಅಣಕು ಶುರು ಮಾಡಿ '24 ಅವರ್ಸ್ ಆಫ್ ಲೆಮನ್ಸ್' ಎಂದು ಹೆಸರಿಟ್ಟರು. ಕೈಕೊಡುವ ಕಾರನ್ನು ಅಮೆರಿಕದವರು ಲೆಮನ್ ಎನ್ನುತ್ತಾರೆ. ಹೆಸರಿನಲ್ಲಿ ಇಪ್ಪತ್ತನಾಲ್ಕು ಗಂಟೆ ಇದ್ದರೂ ಸಾಮಾನ್ಯವಾಗಿ ಶನಿವಾರ, ಭಾನುವಾರ ಹಗಲು ಹೊತ್ತು ಓಡಿಸುತ್ತಾರೆ. ರಾತ್ರಿ ಕಾರಿನಡಿ ಅಂಗಾತ ಮಲಗಿ ರಿಪೇರಿ. ಯಾರು ಹೆಚ್ಚು ಸುತ್ತು ಹಾಕಿದರೋ ಅವರು ಗೆದ್ದ ಹಾಗೆ. ಆದರೆ ಅದಕ್ಕಿಂತಲೂ ದೊಡ್ಡ ಮರ್ಯಾದೆ, ಇದು ಗೇಟು ದಾಟಲಾರದು ಎಂದು ಎಲ್ಲರೂ ನಕ್ಕ ಕಾರನ್ನು ಕೊನೆಯವರೆಗೆ ಎಳೆದು ತಂದವರಿಗೆ.

ಐನೂರು ಡಾಲರಿನಲ್ಲಿ ಸುರಕ್ಷತೆಯ ಸಾಮಾನು ಸೇರುವುದಿಲ್ಲ. ಕಾರು ಮಗುಚಿದರೂ ತಲೆ ಉಳಿಯುವಂತೆ ಒಳಗೆ ಬೆಸುಗೆ ಹಾಕುವ ಉಕ್ಕಿನ ಪಂಜರ, ಬೆಂಕಿ ತಡೆಯುವ ಅಂಗಿ, ಹೆಲ್ಮೆಟ್ಟು, ಸೊಂಟ ಭುಜ ಎಲ್ಲ ಬಿಗಿಯುವ ಪಟ್ಟಿ. ಇವೆಲ್ಲ ಸೇರಿ ಕಾರಿನ ಹಲವು ಪಟ್ಟು. ಐನೂರರ ಸೀರೆಗೆ ಸಾವಿರದೈನೂರರ ರವಿಕೆ ಹೊಲಿಸುವ ನಮ್ಮ ಮನೆಯಲ್ಲಿ ಇದಕ್ಕೆ ಯಾರೂ ಹುಬ್ಬೇರಿಸಲಿಲ್ಲ. ಇನ್ನೊಂದು ವಿಷಯ: ಕಾರಿನ ನಿಜವಾದ ಬೆಲೆ ಐನೂರೇ ಹೌದೇ ಎಂದು ತಪಾಸಣೆ ಮಾಡುವ ತೀರ್ಪುಗಾರರು ಲಂಚವನ್ನು ಬಹಿರಂಗವಾಗಿ, ನಗುನಗುತ್ತಾ ಸ್ವೀಕರಿಸುತ್ತಾರೆ. ಇದನ್ನು ಕೇಳಿದ ಮೇಲೆ ಆ ಸ್ಪರ್ಧೆ ತೀರ ಪರದೇಶದ್ದು ಅನ್ನಿಸಲಿಲ್ಲ.

ಕಾರಿಗೆ ಏನಾದರೊಂದು ವೇಷ ಹಾಕುವುದು ಅಲ್ಲಿನ ರೂಢಿ. ಅದಕ್ಕೆ ಐಡಿಯಾ ಕೊಟ್ಟವನು ನಾನೇ. ನಮ್ಮಲ್ಲಿ ಹೊಸ ಗಾಡಿಯ ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಅಪ್ಪಚ್ಚಿಯಾದ ಮೇಲೆಯೇ ಅದು ಬೀದಿಗಿಳಿಯುವುದು; ಅಲ್ಲಿ ಗಾಡಿಯೇ ನಿಂಬೆಹಣ್ಣು. ಮುಂಬಯಿಯಲ್ಲಿ ಶನಿವಾರ ಬೆಳಿಗ್ಗೆ ಅಂಗಡಿ ಬಾಗಿಲಿಗೆ ಕಟ್ಟುತ್ತಾರಲ್ಲ, ಒಂದು ನಿಂಬೆ, ಏಳು ಹಸಿಮೆಣಸಿನಕಾಯಿ, ತುದಿಯಲ್ಲೊಂದು ಇದ್ದಿಲು ಚೂರು, ಅದರ ಫೋಟೋ ಕಳಿಸಿದೆ. ಹುಡುಗರು ಕಾರಿಗೆ ಹಳದಿ ಬಳಿದು, ಏಳು ಪೈಪುಗಳಿಗೆ ಹಸಿರು ಹಚ್ಚಿ ಮಾಡಿನ ಮೇಲೆ ಕಟ್ಟಿದರು. ದೃಷ್ಟಿ ತಾಗದಿರಲಿ ಎಂದು ಇದನ್ನು ಕಟ್ಟುತ್ತೇವೆ ಎಂದಾಗ ತೀರ್ಪುಗಾರ ಕಾರಿಗೆ ಒಂದು ಸುತ್ತು ಬಂದು, "ಇದರ ಮೇಲೆ ಯಾರು ಕಣ್ಣು ಹಾಕಿಯಾರು?" ಎಂದನಂತೆ.

ಅಲ್ಲಿ ಶನಿವಾರ ಬೆಳಗಾಗುವಾಗ ನಮಗೆ ಶನಿವಾರ ರಾತ್ರಿ. ಹನ್ನೊಂದೂವರೆಗೆ ಫೋನು ಬಂತು. "ಮಾವ, ಮುಕ್ಕಾಲು ಗಂಟೆ ಓಡುತ್ತದೆ, ಆಮೇಲೆ ಕೆಮ್ಮಿ ನಿಲ್ಲುತ್ತದೆ. ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಕೇಳಿ." ಮೊಬೈಲನ್ನು ಇಂಜಿನ್ನಿನ ಬಳಿ ಹಿಡಿದ. ಹೆಂಡತಿಗೆ ಎಚ್ಚರವಾಗದಿರಲೆಂದು ನಾನು ಅಡುಗೆಮನೆಯಲ್ಲಿ, ಫ್ರಿಜ್ಜಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಕೇಳಿದೆ. ಮೊದಲು ಒಂದೇ ಸಮನೆ ಗುರುಗುರು. ನಡುವೆ ಒಂದು ಉಸಿರು ತಪ್ಪಿತು. ಮತ್ತೆ ಒಂದು. ಆಮೇಲೆ ಎರಡು ಒಟ್ಟಿಗೆ.

ಆ ಕೆಮ್ಮು ನನಗೆ ಹೊಸತಲ್ಲ. ಎಕ್ಸ್‌ಪ್ರೆಸ್‌ವೇ ಇಲ್ಲದಿದ್ದ ಕಾಲದಲ್ಲಿ, ಮೇ ತಿಂಗಳ ಮಧ್ಯಾಹ್ನ, ಮಕ್ಕಳು ಮತ್ತು ಉಪ್ಪಿನಕಾಯಿ ಭರಣಿ ಸಮೇತ ಊರಿಗೆ ಹೊರಟಾಗ ಖಂಡಾಲಾ ಘಾಟಿಯ ಅರ್ಧದಲ್ಲಿ ಇದೇ ಕೆಮ್ಮು ಕೇಳುತ್ತಿತ್ತು. ಇಂಜಿನ್ನಿನ ಕಾವಿಗೆ ಪೆಟ್ರೋಲು ಕೊಳವೆಯೊಳಗೇ ಆವಿಯಾಗುತ್ತದೆ. ಪಂಪು ದ್ರವವನ್ನು ಎಳೆದೀತು, ಆವಿಯನ್ನು ಎಳೆಯಲಾರದು. ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆಬಟ್ಟೆ ಹಾಕಿ, ರಸ್ತೆ ಬದಿ ಕುಳಿತು ಅವಲಕ್ಕಿ ತಿಂದು ಮುಗಿಸುವಷ್ಟರಲ್ಲಿ ಅದು ತಣಿಯುತ್ತಿತ್ತು. ಆ ಬಟ್ಟೆ ಹೆಂಡತಿಯ ಹಳೆಯ ಸೀರೆಯ ತುಂಡು, ಇವತ್ತಿಗೂ ಡಿಕ್ಕಿಯಲ್ಲಿದೆ.

"ಕಾರ್ಬುರೇಟರ್ ಇದೆಯೇ?" ಎಂದು ಕೇಳಿದೆ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಉಣಿಸುವ ಆ ಸಾಧನ ಹಳೆಯ ಕಾರುಗಳದ್ದು.

"ಇದೆ ಮಾವ, ನನಗಿಂತ ಹಳೆಯ ಕಾರು."

"ಪೆಟ್ರೋಲ್ ಪೈಪು ಎಲ್ಲಿ ಹೋಗುತ್ತದೆ ನೋಡು."

ಹೊಗೆ ಕೊಳವೆಗೆ ಒರಗಿಕೊಂಡೇ ಹೋಗಿತ್ತು, ಚಳಿಗೆ ಒಲೆಯ ಬದಿ ಕೂತ ಬೆಕ್ಕಿನಂತೆ. ಅದನ್ನು ಆಚೆ ಸರಿಸಿ ಕಟ್ಟಿ, ಪಂಪಿಗೆ ಒದ್ದೆಬಟ್ಟೆ ಹಾಕು ಎಂದೆ. ಬಟ್ಟೆ ಬೇಗ ಒಣಗುತ್ತದೆ ಎಂದ. ಹಾಗಾದರೆ ಊಟ ಯಾವುದರಲ್ಲಿ ಕಟ್ಟಿಕೊಂಡು ಹೋಗಿದ್ದೀರಿ ಎಂದು ಕೇಳಿದೆ. ಚಪಾತಿ ಸುತ್ತಿದ ಅಲ್ಯುಮಿನಿಯಂ ಹಾಳೆ ಬಿಚ್ಚಿ ಪೈಪಿಗೆ ಸುತ್ತಿದರು. ಎರಡು ಗಂಟೆಗೆ ಮತ್ತೆ ಫೋನು: ಓಡುತ್ತಿದೆ. ಅಷ್ಟು ಹೊತ್ತಿಗೆ ಹೆಂಡತಿ ಎದ್ದು ಬಂದು, ನಾನು ನಡುರಾತ್ರಿ ಅಡುಗೆಮನೆಯಲ್ಲಿ ಬಾಯಿಂದ ಇಂಜಿನ್ನಿನ ಶಬ್ದ ಮಾಡುತ್ತಿರುವುದನ್ನು ನೋಡಿ, ಏನೂ ಕೇಳದೆ ಚಹಾಕ್ಕೆ ನೀರಿಟ್ಟಳು.

ಭಾನುವಾರ ಸೈಲೆನ್ಸರು ಕಳಚಿತು, ಒಂದು ಬಾಗಿಲು ಬಿತ್ತು, ಮೆಣಸಿನಕಾಯಿ ಏಳರಲ್ಲಿ ನಾಲ್ಕು ಉಳಿದವು. ಸೋಮವಾರ ನಸುಕಿಗೆ ಫಲಿತಾಂಶ ಬಂತು. ಹಿಂದಿನಿಂದ ಎಣಿಸಿದರೆ ಬೇಗ ಸಿಗುವ ಸ್ಥಾನ. ಆದರೆ ಕೊನೆಯ ಬಾವುಟ ಬೀಸಿದಾಗ ಕಾರು ಓಡುತ್ತಿತ್ತು ಎಂದು ಅವನು ಮೂರು ಸಲ ಹೇಳಿದ.

ಅದೇ ಬೆಳಿಗ್ಗೆ ಭಂಗಾರ್‌ವಾಲಾ ಬಂದ. 2023ರ ಅಕ್ಟೋಬರ್ ಕೊನೆಯಲ್ಲಿ ಇಪ್ಪತ್ತು ವರ್ಷದ ಆಯುಷ್ಯ ಮುಗಿಸಿ ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು ರಸ್ತೆ ಬಿಟ್ಟಂದಿನಿಂದ ಅವನಿಗೆ ನನ್ನ ಕಾರಿನ ಮೇಲೂ ಒಂದು ಕಣ್ಣು. ಹೊದಿಕೆಯ ಅಂಚು ಎತ್ತಿ ನೋಡಿ, ಕೊನೆಯ ಮಾತು, ಹದಿನೆಂಟು ಸಾವಿರ ಎಂದ. ಹೆಂಡತಿ ಬಾಲ್ಕನಿಯಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಮನಸ್ಸಿನಲ್ಲೇ ಡಾಲರಿಗೆ ಭಾಗಿಸಿ, ಅಳಿಯನಿಗೆ ಸಂದೇಶ ಕಳಿಸಿದೆ: "ಇಲ್ಲೊಂದು ಗಾಡಿ ನಿಮ್ಮ ನಿಯಮದೊಳಗೆ ಸಲೀಸಾಗಿ ಬರುತ್ತದೆ. ಹಡಗಿನ ಬಾಡಿಗೆಯೂ ಐನೂರರಲ್ಲಿ ಸೇರುತ್ತದೆಯೇ, ವಿಚಾರಿಸು."